ದಾರ ಬಿಚ್ಚಿದ ಮರಿಗಳು

ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಎರಡು ವರ್ಷವಾಗಿತ್ತೋ ಮೂರೋ, ಸರಿಯಾಗಿ ನೆನಪಿಲ್ಲ. ನಾನು ಶಿರಸಿಯ ಮೂಡಣ ಅಂಚಿಗೆ, ಬನವಾಸಿ ಕಡೆಯ ಹಳ್ಳಿಗಳಿಗೆ ಗ್ರಾಮಸೇವಕನಾಗಿದ್ದೆ. ಹುಟ್ಟಿ ಬೆಳೆದದ್ದು ಮಂಚಿಕೇರಿಯ ಹತ್ತಿರ. ನಮ್ಮ ಕೊಟ್ಟಿಗೆಯಲ್ಲಿ ದನ, ಎಮ್ಮೆ ಬಿಟ್ಟರೆ ಬೇರೆ ಪ್ರಾಣಿ ಇರಲಿಲ್ಲ. ಅಂಥವನನ್ನು ಜಾನುವಾರು ಪ್ರದರ್ಶನದಲ್ಲಿ ಸಂತೆಗೆ ಹೋಗುವ ಕುರಿಮರಿಗಳಿಗೆ ನಂಬರು ಕೊಡಲು ನಿಲ್ಲಿಸಿದರು. ಅದೂ ಮಾಂಸದ ಲೆಕ್ಕದಲ್ಲಿ. ರುಚಿ ಹಾಗಿರಲಿ, ಅದು ಬೇಯುವ ವಾಸನೆಯೂ ಗೊತ್ತಿಲ್ಲದವನು ನಾನು.

ಆ ಕೆಲಸ ನಿಜವಾಗಿ ದನದ ಡಾಕ್ಟರದು. ಹೋರಿಗಳ ಕಡೆ ಏನೋ ಜಗಳ ಹುಟ್ಟಿ ಅವರು ಅತ್ತ ಓಡಬೇಕಾಯಿತು. ಅವರೂ ನಮ್ಮ ಕಡೆಯವರೇ ಆದ್ದರಿಂದ ಮನೆಮಾತಿನಲ್ಲೇ ಕೇಳಿದೆ.

"ಆನು ಕುರಿ ಮುಟ್ಟಿದ್ದೇ ಇಲ್ಲೆ. ಎಂತ ನೋಡವು?"

"ಬೆನ್ನ ಮೇಲೆ ಅಂಗೈ ಇಡು. ಮೂಳೆ ಇದ್ದು ಹೇಳಿ ಗೊತ್ತಾಗವು, ಆದ್ರೆ ಚುಚ್ಚಲಾಗ. ಹಿಂಗಾಲು ತುಂಬಿರವು. ಅಷ್ಟೇಯ," ಎಂದು ಹೇಳಿ ಹೋಗಿಯೇಬಿಟ್ಟರು.

ಮೂಳೆ ಇರಬೇಕು, ಚುಚ್ಚಬಾರದು. ಇದನ್ನೇ ಮನಸ್ಸಿನಲ್ಲಿ ಉರು ಹಾಕುತ್ತ ಶಾಲೆಯ ಜಗಲಿಯಲ್ಲಿ ನಿಂತಿದ್ದಾಗ ಒಬ್ಬ ಮುದುಕಿ ಬಂದು ಪಕ್ಕದ ಕಂಬ ಹಿಡಿದು ನಿಂತಳು.

"ಸಾಹೇಬ್ರ, ನಂಗ ಇಬ್ಬರು ಮಕ್ಕಳು. ಹಿಸ್ಸೆ ಆಗಿ ವರ್ಷಾತು. ಮನಿ ನಡುವ ಗ್ವಾಡಿ ಕಟ್ಯಾರ, ಮಾತಿಲ್ಲ. ನಾ ಒಂದ್ ತಿಂಗಳ ಆ ಕಡೆ, ಒಂದ್ ತಿಂಗಳ ಈ ಕಡೆ. ನನ್ನ ಕುರಿ ಅವಳಿ ಈದಿತ್ತು. ಕುರಿ ನನಗ ಉಳೀತು, ಮರಿ ಒಬ್ಬೊಬ್ಬಗ ಒಂದ್ ಹೋತು. ಇವತ್ತ ಎರಡೂ ತಂದಾರ."

ಸರಿ, ಅದಕ್ಕೇನು ಎಂದೆ.

"ನನ್ನ ಮರಿ ಸೋತ್ರ ಅವನ ಮನಿ ಮೆಟ್ಟಲ ತುಳಿಯಾಂಗಿಲ್ಲ, ನೀ ಆ ಮನ್ಯಾಗ ಸತ್ರೂ ಬರಾಂಗಿಲ್ಲ ಅಂತ ಇಬ್ಬರೂ ನನ್ನ ಮುಂದ ಅಂದಾರ್ರಿ. ಎರಡೂ ಸಮ ಅಂತ ಬರೀರಿ."

"ಇರುವುದು ಒಂದೇ ಬಕೆಟ್ಟು ತಾಯಿ," ಎಂದೆ. ಮೊದಲ ಬಹುಮಾನ ಒಂದು ತಗಡಿನ ಬಕೆಟ್ಟು. ಸಮ ಎಂದು ಬರೆಯಲು ಹೊಸ ಸರ್ಕಾರದ ನಿಯಮ ಬಿಡುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಡಾಕ್ಟರು ಹೋರಿಗಳ ನಡುವೆ ಸಿಕ್ಕಿಕೊಂಡಿದ್ದರು. ಮೂರನೆಯವನ ಮರಿ ಯಾವುದಾದರೂ ಗೆದ್ದರೆ ಪೀಡೆ ಕಳೆಯಿತು ಎಂದುಕೊಂಡು ಅಂಗಳಕ್ಕೆ ಇಳಿದೆ.

ಮೊದಲನೆಯ ಮರಿಯ ಹಣೆಯ ಮೇಲೆ ಕೈ ಇಟ್ಟೆ. ದನ ಕೊಳ್ಳುವಾಗ ನಮ್ಮಪ್ಪ ಮಾಡುತ್ತಿದ್ದದ್ದು ಹಾಗೆಯೇ. ನನಗೆ ಗೊತ್ತಿಲ್ಲದೆಯೇ ನಾನು ಸುಳಿ ಹುಡುಕುತ್ತಿದ್ದೆ. ಒಳ್ಳೆಯ ಸುಳಿಯೋ ಕೆಟ್ಟ ಸುಳಿಯೋ ಎಂದು ಉಣ್ಣೆ ಕೆದರಿ ನೋಡುವಾಗ ಹಿಂದಿನಿಂದ ಯಾರೋ, "ಸಾಹೇಬ್ರ, ಅದನ್ನ ನೊಗಕ್ಕ ಹೂಡೂದಿಲ್ರಿ," ಎಂದ. ಎಲ್ಲರೂ ನಕ್ಕರು. ಆಮೇಲೆ ನೇರವಾಗಿ ಬೆನ್ನಿಗೇ ಕೈ ಹಾಕಿದೆ. ಒಂದೊಂದರಲ್ಲೂ ಮೂಳೆ ಚುಚ್ಚಿತು. ಕೊನೆಗೆ ಚುಚ್ಚದೆ ಉಳಿದದ್ದು ಎರಡೇ ಎರಡು, ಅವೇ ಅವಳಿ. ಮೂರನೆಯವನು ನನ್ನ ಕೈಬಿಟ್ಟಿದ್ದ.

ಎರಡೂ ಕಪ್ಪು. ಗುರುತಿಗೆ ಒಂದು ಬಿಳಿ ಚುಕ್ಕೆಯೂ ಇಲ್ಲ. ಅಣ್ಣನ ಮರಿಗೆ ಕೆಂಪು ದಾರ, ತಮ್ಮನದಕ್ಕೆ ಹಸಿರು. ಹಿಸ್ಸೆಯಾದಾಗ ಆ ಕಡೆಯವರು ಒಬ್ಬರದಕ್ಕೆ ಎಡಗಿವಿ, ಒಬ್ಬರದಕ್ಕೆ ಬಲಗಿವಿ ಕತ್ತರಿಸಿ ಗುರುತು ಮಾಡುತ್ತಾರೆ. ಇವಕ್ಕೆ ಕತ್ತರಿ ಹಾಕಲು ತಾಯಿ ಬಿಟ್ಟಿರಲಿಲ್ಲವಂತೆ.

ಆಗ ತಮ್ಮ ಎಲ್ಲರಿಗೂ ಕೇಳುವಂತೆ, "ಸಾಹೇಬ್ರು ನಿನ್ನೆ ಯಾರ ಮನ್ಯಾಗ ಚಾ ಕುಡದಾರ, ಊರಿಗೆ ಗೊತ್ತೈತಿ," ಎಂದ. ಕುಡಿದದ್ದು ನಿಜ. ಅವರ ಊರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಅಣ್ಣನ ಪಾಲಿನ ಬಾಗಿಲು ಇತ್ತು. ಅಣ್ಣನಿಗೆ ರೇಗಿತು. "ದಾರ ಬಿಚ್ಚಿ ನೋಡ್ರಿ ಸಾಹೇಬ್ರ. ಯಾರದು ಅಂತ ಗೊತ್ತ ಆಗೂದ ಬ್ಯಾಡ," ಎಂದು ತನ್ನ ಮರಿಯ ದಾರವನ್ನು ತಾನೇ ಹರಿದ. ತಮ್ಮನೂ ಹರಿದ. ನನಗೂ ನ್ಯಾಯವೆಂದೇ ಕಂಡಿತು. ಇಬ್ಬರೂ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು.

ಮುಂದೆ ನಡೆದದ್ದು ನನಗೆ ಈಗಲೂ ಕಲಸುಮೇಲೋಗರ. ಒಂದನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ಬೆನ್ನು ಮುಟ್ಟುವಷ್ಟರಲ್ಲಿ ಇನ್ನೊಂದು ಕಾಲ ಕೆಳಗೆ ನುಸುಳುತ್ತಿತ್ತು. ಅದನ್ನು ಹಿಡಿದರೆ ಇದು ಹೋಗುತ್ತಿತ್ತು. ಈಗ ಮುಟ್ಟಿದ್ದು ಆಗ ಮುಟ್ಟಿದ್ದೋ, ಹೊಸದೋ? ಇದರ ಹಿಂಗಾಲು ತುಂಬಿದೆ ಎಂದು ಖುಷಿಪಟ್ಟು ಆ ಕಡೆ ತಿರುಗಿದರೆ ಅದರದೂ ಅಷ್ಟೇ ತುಂಬಿತ್ತು. ಜನ ನೋಡುತ್ತಿದ್ದಾರೆ. ಕೊನೆಗೆ ಕೈಗೆ ಸಿಕ್ಕ ಒಂದರ ಸೊಂಟದ ಮೇಲೆ ಮಾಂಸ ತುಸು ಅಗಲವಾಗಿದೆ ಎನ್ನಿಸಿತು. ಇದೇ ಎಂದು ಅದರ ಕೊರಳಿಗೆ ರಿಬ್ಬನ್ನು ಕಟ್ಟಿ, ಯಾರದು ಎಂದು ಕೇಳಿದೆ.

ಇಬ್ಬರೂ ಒಟ್ಟಿಗೇ ತಿರುಗಿ, "ನಂದು," ಎಂದರು.

ಹತ್ತಿರ ಬಂದು ನೋಡಿದರು. ಬಗ್ಗಿ ನೋಡಿದರು. ಬಾಯಿ ತೆರೆಸಿ ಹಲ್ಲು ನೋಡಿದರು. ಅಣ್ಣ ಮೊದಲು ಇದು ನಂದು ಎಂದವನು ಅದೂ ಇರಬಹುದು ಎನ್ನತೊಡಗಿದ. ತಮ್ಮ ಬೆವರು ಒರೆಸಿಕೊಂಡ. ಅವರಿಗೂ ತಿಳಿಯದು, ನನಗೂ ತಿಳಿಯದು. ಸಿಟ್ಟು ಯಾರ ಮೇಲೆ ಮಾಡಬೇಕೆಂದೂ ತಿಳಿಯದೆ, ನಾನು ಬಕೆಟ್ಟು ಹಿಡಿದುಕೊಂಡು ಮುದುಕಿಯ ಹತ್ತಿರ ಹೋದೆ.

"ಹಾಲು ಕುಡಿಸಿ ಬೆಳೆಸಿದವರು ನೀವು. ನಿಮಗೆ ಗೊತ್ತಿರಬೇಕಲ್ಲ?"

ಆಕೆ ನಾಲಿಗೆಯಿಂದ ಲೊಚ್ಚಗುಟ್ಟಿ ಕರೆದಳು. ಎರಡೂ ಮರಿ ಓಡಿಬಂದು ಆಕೆಯ ಸೆರಗಿನೊಳಗೆ ಮೂತಿ ತೂರಿಸಿದವು.

"ನೋಡ್ರಿ ಸಾಹೇಬ್ರ, ಕರದ್ರ ಎರಡೂ ಬರ್ತಾವ. ನನ್ನ ಮಕ್ಕಳನ್ನ ಕರದ್ರ ಒಬ್ಬನ ಬರ್ತಾನ."

ನಾನು ಬಕೆಟ್ಟನ್ನು ಆಕೆಯ ಕೈಗೇ ಕೊಟ್ಟುಬಿಟ್ಟೆ. ನಿಯಮ ಏನಾದರೂ ಹೇಳಿಕೊಳ್ಳಲಿ ಎಂದುಕೊಂಡೆ. ಆಕೆಗೆ ನಿಜವಾಗಿ ಗುರುತು ಹತ್ತಿತ್ತೋ ಇಲ್ಲವೋ, ಯೋಚಿಸಿದಷ್ಟೂ ಗೊಂದಲವೇ.

ಬೆಳಿಗ್ಗೆ ಅವರು ಎರಡು ಗಾಡಿಯಲ್ಲಿ ಬಂದಿದ್ದರು. ಮುದುಕಿ ಬಕೆಟ್ಟು ಹಿಡಿದು ಅಣ್ಣನ ಗಾಡಿ ಹತ್ತಿದಳು, ಮರಿಗಳೂ ಹಿಂದೆಯೇ ಹತ್ತಿದವು. ಗೆದ್ದ ಮರಿಯನ್ನು ಅಣ್ಣನ ವಶಕ್ಕೆ ಬಿಟ್ಟು ಹೋಗಲು ತಮ್ಮನಿಗೆ ಮನಸ್ಸು ಬರಲಿಲ್ಲ. ಒಂದು ಗಳಿಗೆ ಅತ್ತ ಇತ್ತ ನೋಡಿ ಅವನೂ ಅದೇ ಗಾಡಿಗೆ ಹತ್ತಿ ಕುಳಿತ. ಅವನ ಎತ್ತುಗಳು ಆಳಿಲ್ಲದ ಗಾಡಿಯನ್ನು ಎಳೆದುಕೊಂಡು ತಾವಾಗಿಯೇ ಹಿಂದೆ ಹೊರಟವು.

ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಅಣ್ಣ ಮುಖ ತಿರುಗಿಸದೆ, "ಹಿಂದಿನ ಗಾಡಿ ಬರಾಕತ್ತೈತೇನು ನೋಡು," ಎಂದ.

ತಮ್ಮ ತಿರುಗಿ ನೋಡಿದ. "ಬರಾಕತ್ತೈತಿ."

ನಡುವೆ ಕುಳಿತ ತಾಯಿ ಯಾರ ಕಡೆಗೂ ನೋಡಲಿಲ್ಲ. ಬಕೆಟ್ಟು ಸದ್ದು ಮಾಡದಂತೆ ಅದರ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.