ಮೈಕಿನ ಕಾಕಾನ ದನಿ

ಮೈಕು ಬಾಯಿಗೆ ಹಿಡಿದರೆ ಸಾಕು, ಕಾಕಾನ ಎಡಗೈ ತಾನಾಗಿ ಎಡಗಿವಿಯನ್ನು ಒತ್ತಿಕೊಳ್ಳುತ್ತಿತ್ತು. ಎಷ್ಟೋ ವರ್ಷ ಹಾಗೆ ಒತ್ತಿ ಒತ್ತಿ ಆ ಕಿವಿ ತಲೆಗೆ ಅಂಟಿ ಚಪ್ಪಟೆಯಾಗಿತ್ತು. ಬಲಗಿವಿ ಮಾತ್ರ ಅಗಲವಾಗಿ ಹೊರಗೆ ನಿಂತಿತ್ತು. ಎದುರಿನಿಂದ ನೋಡಿದರೆ ಇಬ್ಬರು ಮನುಷ್ಯರ ಕಿವಿಗಳನ್ನು ತಂದು ಒಬ್ಬನಿಗೇ ಹಚ್ಚಿದ ಹಾಗೆ ಕಾಣುತ್ತಿದ್ದರು. ನಾನು ಚೇಷ್ಟೆ ಮಾಡಿದರೆ, "ಒಂದು ನಂದು, ಇನ್ನೊಂದು ಊರಿಂದು" ಎನ್ನುತ್ತಿದ್ದರು.

ಹಾನಗಲ್ಲಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಎಲ್ಲರಿಗೂ ಮೈಕಿನ ಕಾಕಾ. ಆಟೊದಿಂದ ಅರ್ಧ ಹೊರಗೆ ವಾಲಿಕೊಂಡು, ನಾಳೆ ನಳ ಬರುವುದಿಲ್ಲ, ಶುಕ್ರವಾರ ಕಣ್ಣಿನ ತಪಾಸಣೆ ಇದೆ, ಸೀರೆ ಮಾರಾಟಕ್ಕೆ ಇಂದೇ ಕೊನೆಯ ದಿನ ಎಂದು ಓಣಿ ಓಣಿಗೆ ಸಾರಿಕೊಂಡು ಹೋಗುವುದು ಅವರ ಕೆಲಸ. ಚುನಾವಣೆ ಬಂದರೆ ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಇನ್ನೊಂದು. ಯಾರಾದರೂ ಕೆಣಕಿದರೆ, "ಬಾಯಿ ಬಾಡಿಗಿಗೆ ಐತಿ, ಓಟು ಬಾಡಿಗಿಗಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅದಕ್ಕೊಂದು ಕಟ್ಟುನಿಟ್ಟೂ ಇತ್ತು. ಮೈಕಿನಲ್ಲಿ ಅವರು ಎಂದೂ ತಮ್ಮ ಮಾತು ಸೇರಿಸುತ್ತಿರಲಿಲ್ಲ. 'ಅಭ್ಯರ್ಥಿಗಳು ವಿನಂತಿಸುತ್ತಾರೆ' ಎನ್ನುತ್ತಿದ್ದರೇ ಹೊರತು ತಾವು ವಿನಂತಿಸುತ್ತಿರಲಿಲ್ಲ.

ಅವರು ಕುಳಿತದ್ದನ್ನೂ ನಾನು ಹೆಚ್ಚು ನೋಡಿಲ್ಲ. ಚಹಾ ನಿಂತೇ ಕುಡಿಯಬೇಕು, ಪೇಪರು ನಿಂತೇ ಓದಬೇಕು. "ಕುಂತ್ರ ದನೀನೂ ಕುಂದರತೈತಿ ಯವ್ವಾ." ಬಸ್ ಸ್ಟ್ಯಾಂಡಿನ ಹಿಂದಿರುವ ನನ್ನ ಅಂಗಡಿಯಲ್ಲಿ ಮುಂದೆ ಫ್ಲೆಕ್ಸ್ ಪ್ರಿಂಟಿಂಗು, ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗು. ಗೋಡೆಗೆ ತತ್ತಿಯ ಟ್ರೇ ಬಡಿದು ನಾನೇ ಮಾಡಿಕೊಂಡ ಸ್ಟುಡಿಯೊ. ಒಂದು ಚಳಿಗಾಲ ಅವರ ಗಂಟಲು ಕಟ್ಟಿ, ಒಪ್ಪಿಕೊಂಡ ಕೆಲಸವೆಲ್ಲ ಹಾಗೇ ನಿಂತುಬಿಟ್ಟಿತು. ಆಗ ನನಗೆ ಬುದ್ಧಿ ಓಡಿತು. ಎಲ್ಲಿಗೆ ಓಡಿತೋ ಆಗ ಗೊತ್ತಾಗಲಿಲ್ಲ.

ಗಂಟಲು ನೆಟ್ಟಗಾದ ಮೇಲೆ ಅವರನ್ನು ಎರಡು ದಿನ ಆ ಕೋಣೆಯಲ್ಲಿ ನಿಲ್ಲಿಸಿ, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಒಂದೊಂದು ಊರಿನ ಹೆಸರನ್ನೂ ಹೇಳಿಸಿದೆ. ವಾರಗಳು, ಗಂಟೆಗಳು, ಬಂಧುಗಳೇ, ತಾಯಂದಿರೇ, ತಪ್ಪದೇ ಬನ್ನಿ. ಇನ್ನು ಮುಂದೆ ತುಣುಕು ಜೋಡಿಸಿ ನಾನೇ ಪ್ರಕಟಣೆ ತಯಾರು ಮಾಡಬಹುದು, ಕಾಕಾ ಪ್ರತಿ ಸಲ ಗಂಟಲು ಹರಿದುಕೊಳ್ಳುವುದು ಬೇಡ ಎಂಬುದು ಲೆಕ್ಕಾಚಾರ. ಒಂದೊಂದು ಊರಿಗೂ ಅವರಲ್ಲಿ ಒಂದೊಂದು ದನಿ ಇತ್ತು. ಸವಣೂರು ಎನ್ನುವಾಗ ಬಾಯಲ್ಲಿ ಎಲೆ ಹಾಕಿಕೊಂಡವರಂತೆ ಮೆಲ್ಲಗೆ, ಬಂಕಾಪುರಕ್ಕೆ ದನಿ ಎತ್ತರಿಸಿ, ತಿಳವಳ್ಳಿಗೆ ಉದ್ದಕ್ಕೆ ಎಳೆದು. ಅದು ಅವರ ಹೆಂಡತಿಯ ತವರೂರು.

ಆ ಸಲದ ಚುನಾವಣೆಯಲ್ಲಿ ಒಂದು ಪಕ್ಷದ ಪ್ರಚಾರದ ಹುಡುಗರು ದಿನಕ್ಕೆ ನಾಲ್ಕು ಸಲ ಬಂದು ಪ್ರಾಣ ತಿನ್ನತೊಡಗಿದರು. ಈ ಊರು ಸೇರಿಸಿ, ಆ ಊರು ತೆಗೆಯಿರಿ. ನನಗೆ ಫ್ಲೆಕ್ಸಿನ ಕೆಲಸ ಮೈಮೇಲೆ ಬಿದ್ದಿತ್ತು. ಸಿಟ್ಟಿಗೆದ್ದು ಕಾಕಾನ ದನಿಯ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ನೀವೇ ಜೋಡಿಸಿಕೊಳ್ಳಿ ಎಂದು ಕೊಟ್ಟುಬಿಟ್ಟೆ. ಜೊತೆಗೆ ನನ್ನ ಆರ್ಡರ್ ಫಾರಂ. ಅದರ ಅಡಿಯಲ್ಲಿ 'ಈ ಧ್ವನಿಮುದ್ರಣದ ಸಕಲ ಹಕ್ಕುಗಳು ಗ್ರಾಹಕರಿಗೆ ಸೇರಿವೆ' ಎಂಬ ಒಂದು ಸಾಲು. ಎಲ್ಲಿಂದಲೋ ನೋಡಿ ಇಳಿಸಿಕೊಂಡದ್ದು. ಓದಲು ಭಾರವಾಗಿದೆ, ಅಂಗಡಿ ದೊಡ್ಡದೆನ್ನಿಸುತ್ತದೆ ಎಂದು ಹಾಕಿಸಿದ್ದೆ. ಕಾಕಾನನ್ನು ಒಂದು ಮಾತು ಕೇಳಲಿಲ್ಲ.

ಮತದಾನಕ್ಕೆ ಮೂರು ದಿನ ಇದ್ದಾಗ ಬೆಳಿಗ್ಗೆ ಎಲ್ಲರ ಮೊಬೈಲಿಗೂ ಒಂದೇ ಆಡಿಯೊ ಬಂತು. "ನಾನು ನಿಮ್ಮ ಮೈಕಿನ ಕಾಕಾ. ಇಷ್ಟು ವರ್ಷ ಬೇರೆಯವರ ಮಾತು ಹೇಳಿದೆ. ಇಂದು ನನ್ನ ಮಾತು ಹೇಳುತ್ತೇನೆ. ನನ್ನ ಮತ ಇವರಿಗೆ. ನೀವೂ ಇವರಿಗೇ ಕೊಡಿ." ದನಿ ಅವರದೇ. ಉಸಿರು ಎಳೆಯುವ ಸದ್ದು ಕೂಡ ಅವರದೇ. ಒಂದು ಅಕ್ಷರವನ್ನೂ ಅವರು ಹೇಳಿರಲಿಲ್ಲ. ನಾನು ಕೊಟ್ಟ ತುಣುಕುಗಳನ್ನು ಕೇಳಿಸಿಕೊಂಡ ಯಂತ್ರ ಅವರ ಹಾಗೆ ಮಾತನಾಡಲು ಕಲಿತಿತ್ತು.

ಕಾಕಾ ಅಂಗಡಿಗೆ ಬಂದರು. ಮೊಬೈಲನ್ನು ಕೌಂಟರಿನ ಮೇಲಿಟ್ಟು ಅದನ್ನೇ ಮೂರು ಸಲ ಹಚ್ಚಿದರು. "ಇದನ್ನ ನಾ ಯಾವಾಗ ಹೇಳೇನಿ ಯವ್ವಾ?" ಬೈಯಲು ಕೇಳಿದ್ದಲ್ಲ. ತಮ್ಮ ಮೇಲೆಯೇ ಅನುಮಾನ ಬಂದು ಕೇಳಿದ್ದರು. ನಾನು ಪೆನ್‌ಡ್ರೈವಿನ ವಿಷಯ ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ನನಗೆ ಗೊತ್ತಿದ್ದ ವಕೀಲರೊಬ್ಬರ ಮನೆಗೆ ಹೋದೆವು. ಅವರು ಆಡಿಯೊ ಕೇಳಿ, ನನ್ನ ಫಾರಂ ಓದಿ, ಕನ್ನಡಕ ತೆಗೆದರು. "ಕಾಕಾ, ರೆಕಾರ್ಡಿಂಗಿಗೆ ಕಾಪಿರೈಟ್ ಐತಿ, ದನಿಗಿಲ್ಲ. ರೆಕಾರ್ಡ್ ಮಾಡಿದಾಕಿ ಈಕಿ, ಹಕ್ಕು ಈಕಿದಿತ್ತು. ಈಕಿ ಅವರಿಗೆ ಬರಕೊಟ್ಟಾಳ. ಮ್ಯಾಲೆ ಈ ಆಡಿಯೊದಾಗ ನೀವು ಹೇಳಿದ್ದು ಒಂದು ಮಾತೂ ಇಲ್ಲ."

"ನಾ ಹೇಳಿಲ್ಲಂದ್ರ ಅದು ನಾನಲ್ಲ ಅಂತ ಅವರು ಹೇಳ್ಬೇಕು. ನಾನ ಅಂದ್ರ ನನ್ನ ಕೇಳ್ಬೇಕು. ಎರಡರಾಗ ಯಾವುದ್ರಿ?"

ವಕೀಲರು ಫಾರಂ ಮಡಚಿ ನನ್ನ ಕೈಗೆ ಕೊಟ್ಟರು. ದೊಡ್ಡ ನಟರು ಹೈಕೋರ್ಟಿಗೆ ಹೋಗಿ ತಡೆ ತಂದದ್ದುಂಟು, ಬೇಕಾದರೆ ಧಾರವಾಡಕ್ಕೆ ಹೋಗೋಣ, ಆದರೆ ಮೂರು ದಿನದಲ್ಲಿ ಆಗುವ ಮಾತಲ್ಲ ಎಂದರು. ಠಾಣೆಯಲ್ಲಿ ದೂರು ಬರೆದುಕೊಂಡರು. ನಾನು ಆಡಿಯೊ ತೆಗೆಸಲೆಂದು ಮೊಬೈಲಿನಲ್ಲಿ ಅರ್ಜಿ ತುಂಬಲು ಕುಳಿತರೆ, ಮೂಲ ಧ್ವನಿಯ ಹಕ್ಕುದಾರರು ಯಾರು ಎಂದು ಅದು ಕೇಳಿತು. ನನ್ನದೇ ಫಾರಂ ಪ್ರಕಾರ ಹಕ್ಕುದಾರರು ಕದ್ದವರೇ.

ಹಾಗಾದರೆ ಮೈಕಿನಲ್ಲೇ ಹೇಳಿಬಿಡುತ್ತೇನೆ ಎಂದು ಕಾಕಾ ಪರವಾನಗಿ ಕೇಳಲು ಚುನಾವಣಾ ಕಚೇರಿಗೆ ಹೋದರು. ಯಾವ ಪಕ್ಷ, ಯಾವ ಅಭ್ಯರ್ಥಿಯ ಕಡೆಯವರು ಎಂದು ಬರೆಯಬೇಕಿತ್ತು. "ನನ್ನ ಕಡೆಯವ" ಎಂದರು. ಅರ್ಜಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮರುದಿನ ಸಂಜೆಗೆ ಬಹಿರಂಗ ಪ್ರಚಾರವೇ ಮುಗಿಯುವುದಿತ್ತು.

ಹೊರಗೆ ಬರುತ್ತಿದ್ದಂತೆ ಅಕ್ಕಿಆಲೂರಿನ ಬಸ್ಸಿಗೆ ಕಾದು ನಿಂತಿದ್ದ ಮುದುಕಿಯೊಬ್ಬಳು ಅವರನ್ನು ತಡೆದಳು. "ಕಾಕಾರ, ನೀವು ಹೇಳಿದ್ರಿ ಅಂತ ನಮ್ಮನಿ ಐದೂ ಓಟು ಅಲ್ಲಿಗೇ ಅಂತ ಮಾಡೇವಿ."

"ನಾ ಹೇಳಿಲ್ಲವ್ವ."

"ನನ್ನ ಕಿವೀಲೇ ಕೇಳೇನಲ್ರಿ" ಎಂದು ಆಕೆ ನಕ್ಕಳು. ಕಾಕಾ ಚೇಷ್ಟೆ ಮಾಡುತ್ತಿದ್ದಾರೆ ಎಂದೇ ಆಕೆ ತಿಳಿದಿರಬೇಕು. ಅಷ್ಟರಲ್ಲಿ ಬಸ್ಸು ಬಂತು, ಆಕೆ ಹತ್ತಿ ಹೋದಳು.

ಆ ಪಕ್ಷದ ಅಭ್ಯರ್ಥಿ ಮರುದಿನ ಬೆಳಿಗ್ಗೆ ಕಾಕಾನ ಮನೆಗೇ ಬಂದರು. ತಪ್ಪು ಮಾಡಿದವಳಾದ್ದರಿಂದ ನಾನು ಹಿಂದಿನ ದಿನದಿಂದ ಅಲ್ಲೇ ಸುತ್ತುತ್ತಿದ್ದೆ. ಅವರು ಕೈ ಮುಗಿದು, "ಹುಡುಗರು ಮಾಡ್ಯಾರ ಕಾಕಾ, ಮನಸಿಗೆ ಹಚ್ಚಿಕೋಬ್ಯಾಡ್ರಿ. ನಿಮ್ಮ ದನಿ ಅಂದ್ರ ಊರ ದನಿ. ಊರಿಂದು ನಮ್ಮದಲ್ಲೇನು?" ಎಂದರು.

"ಊರಿಂದಾದ್ರ ನಿಮ್ದೂ ಊರಿಂದ. ನಾಳೆ ಯಾರರ ನಿಮ್ಮ ದನಿ ಮಾಡಿ, ನಾ ಕಣದಿಂದ ಹಿಂದ ಸರದೇನಿ ಅಂತ ಹೇಳಿಸಿದ್ರ?"

ಅಭ್ಯರ್ಥಿಯ ನಗು ಅರ್ಧಕ್ಕೆ ನಿಂತಿತು. ಕಾಕಾ ದನಿ ತಗ್ಗಿಸಿದರು. "ನೀವು ಕೇಳಲಾರದ, ನಾ ಹೇಳಲಾರದ, ಇಷ್ಟು ವರ್ಷ ನಿಮ್ಮ ಪಕ್ಷಕ್ಕ ಹಾಕೇನಿ. ಈಗ ಕೇಳಲಾರದ ತಗೊಂಡ್ರಿ. ಇನ್ನ ಕೊಡಾಕ ಏನೂ ಉಳಿದಿಲ್ಲ."

ಕಾಕಾನ ಹೆಂಡತಿಗೂ ಅದು ಹೊಸ ಸುದ್ದಿ. ಆಕೆ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತೇ ಇದ್ದಳು.

ಅವತ್ತು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಕಾ ಮೈಕಿಲ್ಲದೆ ಊರು ತಿರುಗಿದರು. ಯಾರಿಗೆ ಹಾಕಿ ಎಂದೂ ಹೇಳಲಿಲ್ಲ, ಯಾರಿಗೆ ಹಾಕಬೇಡಿ ಎಂದೂ ಹೇಳಲಿಲ್ಲ. "ಅದು ನಾನಲ್ಲ. ನಿಮ್ಮ ಓಟು ನೀವ ವಿಚಾರ ಮಾಡ್ರಿ." ಅಷ್ಟೇ. ಓಣಿಯ ನಡುವೆ ನಿಂತು, ಕೈಯಲ್ಲಿ ಏನೂ ಇಲ್ಲದಿದ್ದರೂ ಎಡಗಿವಿ ಒತ್ತಿಕೊಂಡು, ಒಂದೇ ಸಮನೆ ಕೂಗಿದರು. ನಾನು ನೀರಿನ ಬಾಟಲಿ ಹಿಡಿದು ಹಿಂದೆ ಹಿಂದೆ. ಮೈಕಿದ್ದಾಗ ಮಾಳಿಗೆಯವರೂ ಕೇಳುತ್ತಿದ್ದರು, ಈಗ ಕಟ್ಟೆಯ ಮೇಲಿನವರಿಗೂ ಪೂರ್ತಿ ಕೇಳುತ್ತಿರಲಿಲ್ಲ. ಮೊಬೈಲಿನ ಕಾಕಾನ ದನಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಐದು ಗಂಟೆಯ ಹೊತ್ತಿಗೆ ಅವರ ಗಂಟಲಿನಿಂದ ಗಾಳಿ ಮಾತ್ರ ಬರತೊಡಗಿತು. ಸಾಕು ಬರ್ರಿ ಎಂದು ನಾನು ಅತ್ತೆ. ಇನ್ನೂ ಎರಡು ಓಣಿ ಇವೆ ಎಂದು ಬೆರಳು ತೋರಿಸಿದರು.

ಮತ ಹಾಕಿ ಬಂದ ಕಾಕಾ, ಒಳಗೆ ಹೋಗಿ ಬಹಳ ಹೊತ್ತು ನಿಂತೆ, ಬೆರಳು ಹಳೆಯ ಗುಂಡಿಯ ಕಡೆಗೇ ಹೋಗುತ್ತಿತ್ತು ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ಯಾರಿಗೆ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಆ ಅಭ್ಯರ್ಥಿ ಗೆದ್ದರು. ಅವರ ಗೆಲುವಿನಲ್ಲಿ ಆ ಆಡಿಯೊದ ಪಾಲು ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಅದೇ ಕಾಕಾನನ್ನು ಕೊರೆದದ್ದು. ಅಕ್ಕಿಆಲೂರಿನ ಆ ಐದು ಓಟುಗಳ ಬಗ್ಗೆ ತಿಂಗಳುಗಟ್ಟಲೆ ಮಾತನಾಡಿದರು.

ಅದಾದ ಮೇಲೆ ಹನ್ನೊಂದು ದಿನ ಅವರು ನನ್ನ ಅಂಗಡಿಗೆ ಬರಲಿಲ್ಲ. ಎದುರಿನ ಹೋಟೆಲಿನಲ್ಲಿ ನನಗೆ ಬೆನ್ನು ಮಾಡಿ ಚಹಾ ಕುಡಿಯುತ್ತಿದ್ದರು. ಹನ್ನೆರಡನೆಯ ದಿನ ಬಂದು, ನಾನು ಬಾಯಿ ತೆಗೆಯುವ ಮೊದಲೇ, "ಆ ಫಾರಂ ತಗಿ" ಎಂದರು. ಕೆಳಗಿನ ಸಾಲನ್ನು ತಾವೇ ಪೆನ್ನಿನಿಂದ ಹೊಡೆದುಹಾಕಿ, 'ದನಿ ಕೊಟ್ಟವರನ್ನು ಕೇಳಿ ಬಳಸತಕ್ಕದ್ದು' ಎಂದು ಬರೆದರು. ಇಂದಿಗೂ ನನ್ನ ಫಾರಂ ಮೇಲೆ ಅದೇ ಇದೆ.

ದನಿ ಮೊದಲಿನ ಹಾಗೆ ಮರಳಲಿಲ್ಲ. ಆದರೆ ಮನುಷ್ಯ ತಣ್ಣಗಾಗಲಿಲ್ಲ. ಹಾನಗಲ್ಲಿನಲ್ಲಾಗಲಿ ಶಿಗ್ಗಾಂವಿಯಲ್ಲಾಗಲಿ, ಯಾವ ಪಕ್ಷದವರು ಸಭೆ ಮಾಡಿದರೂ ಮುಂದಿನ ಸಾಲಿನ ಪಕ್ಕದಲ್ಲಿ ನಿಂತು, ಆ ಒಡೆದ ದನಿಯಲ್ಲಿ ಕೇಳುತ್ತಿದ್ದರು: ನಮ್ಮ ದನಿ, ನಮ್ಮ ಮುಖ ನಮ್ಮದು ಅಂತ ಕಾಯ್ದೆ ಮಾಡ್ತೀರೇನು? ರಸ್ತೆ ಕೇಳ್ರಿ ಕಾಕಾ, ನೀರು ಕೇಳ್ರಿ ಎಂದು ನಕ್ಕವರೇ ಹೆಚ್ಚು. "ರಸ್ತೆ ಕೆಟ್ರ ಕಾಣ್ತೈತಿ. ಇದು ಕೆಟ್ರ ಕಾಣಂಗಿಲ್ಲ" ಎನ್ನುತ್ತಿದ್ದರು. ನನಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಅಂಗಡಿಗೆ ಮತ ಕೇಳಲು ಬಂದವರಿಗೆ ನಾನೂ ಅದನ್ನೇ ಕೇಳುತ್ತೇನೆ. ನೆಟ್ಟಗೆ ಉತ್ತರ ಕೊಡುವವರು ಸಿಗುವವರೆಗೆ ನನ್ನ ಓಟು ಅಲೆಯುತ್ತಲೇ ಇರುತ್ತದೆ. ಆ ತಳಮಳ ಹಚ್ಚಿದವರು ಅವರೇ.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕಾಕಾ ಅಂಗಳದಲ್ಲಿ ಚಹಾ ಕುಡಿಯುತ್ತಾ ಕುಸಿದರು. ಸುದ್ದಿ ತಿಳಿದು ಹಿರೇಕೆರೂರಿನಿಂದ ಬಂದ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. ಮಧ್ಯಾಹ್ನ ಮೂರಕ್ಕೆ ಮಣ್ಣು, ಊರಿಗೆ ಸಾರಬೇಕು. "ಅಕ್ಕಾರ, ಅಪ್ಪನ ದನಿ ನಿಮ್ಮತ್ರ ಐತಲ್ರಿ. ಅಪ್ಪನ ದನೀಲೇ ಹೇಳಸ್ರಿ. ಕಡೀ ಸಲ ಊರು ಕೇಳ್ಲಿ." ಆಕೆಯ ಕಣ್ಣು ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಅಂಗಡಿಗೆ ಹೋಗಿ ಫೋಲ್ಡರು ತೆರೆದೆ. ಬೇಕಾದ ಮಾತುಗಳೆಲ್ಲ ಇದ್ದವು. ಇಲ್ಲದ್ದನ್ನು ಯಂತ್ರ ಹೇಳುತ್ತಿತ್ತು, ಐದು ನಿಮಿಷದ ಕೆಲಸ. 'ಬಂಧುಗಳೇ' ಎಂಬುದೊಂದನ್ನು ಹಚ್ಚಿದೆ. ಅವರು ನನ್ನ ಹಿಂದೆಯೇ ನಿಂತ ಹಾಗಾಯಿತು. ಮುಚ್ಚಿಬಿಟ್ಟೆ. ಆಟೊದವನಿಂದ ಮೈಕು ಇಸಿದುಕೊಂಡು ಹಿಂದಿನ ಸೀಟಿನಲ್ಲಿ ಕುಳಿತೆ. ಹುಟ್ಟಿದಾಗಿನಿಂದ ನಾನು ಮೈಕಿನಲ್ಲಿ ಮಾತನಾಡಿದವಳಲ್ಲ. ಮೊದಲ ಓಣಿಯಲ್ಲಿ ಅವರ ಹೆಸರು ಹೇಳುವಾಗಲೇ ತಡವರಿಸಿದೆ, ಎರಡನೆಯದರಲ್ಲಿ ಹೊತ್ತು ತಪ್ಪಿ ಹೇಳಿದೆ. ಮೂರನೆಯ ಓಣಿಯಲ್ಲಿ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕೈ ಎತ್ತಿ ಆಟೊ ನಿಲ್ಲಿಸಿದರು.

"ಕಾಕಾನ ದನೀಲೇ ಹೇಳಿಸಬೇಕಿತ್ತವ್ವಾ. ಎಷ್ಟು ಚಂದ ಆಕ್ಕಿತ್ತು."

"ಹೌದ್ರಿ" ಎಂದೆ. "ಅವರನ್ನ ಕೇಳಿದ್ದಿಲ್ರಿ."