ಇಪ್ಪತ್ತೇಳಕ್ಕೂ ಮೂವತ್ತಕ್ಕೂ ನಡುವೆ

ಷೆಡ್ಡಿನಲ್ಲಿ ಎಲ್ಲರೂ ಅವಳನ್ನು ಗ್ರೀಸಕ್ಕ ಎಂದೇ ಕರೆಯುತ್ತಿದ್ದರು. ಒಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಬೆಳಿಗ್ಗೆ ಗಾಡಿಗಳು ಕಲ್ಲುಕ್ವಾರಿಗೆ ಹೊರಡುವ ಮೊದಲು ಲೋಡರ್, ಡೋಜರ್, ಗ್ರೇಡರ್‌ಗಳ ಕೀಲುಕೀಲಿಗೆ ಕೈಗನ್ನಿನಿಂದ ಗ್ರೀಸ್ ತುಂಬುವುದು. ದೊಡ್ಡ ಲೋಡರ್‌ಗೆ ಗ್ರೀಸ್ ಒಳಸೇರುವ ಸಣ್ಣ ಮೂತಿಗಳು, ಅಂದರೆ ನಿಪ್ಪಲ್, ನಲವತ್ತೆರಡು; ಹಳೆಯ ಗ್ರೇಡರ್‌ಗೆ ಮೂವತ್ತೊಂದು. ಒಂದೊಂದಕ್ಕೆ ಆರೇಳು ಸಲ ಗನ್ ಒತ್ತಬೇಕು. ಇಷ್ಟು ವರ್ಷದಲ್ಲಿ ಅವಳು ಬಿಟ್ಟ ನಿಪ್ಪಲ್ ಎಂದು ಯಾರೂ ಒಂದನ್ನೂ ತೋರಿಸಲಿಲ್ಲ. ಹಾಳಾದದ್ದು ಅವಳ ಬಲಭುಜ ಮಾತ್ರ. ಇನ್ನೊಂದು ವರ್ಷ ಹೀಗೇ ಒತ್ತಿದರೆ ಕೈ ಭುಜದಿಂದ ಮೇಲೆ ಏಳುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಹೇಳಿದ್ದು ಅವಳೊಬ್ಬಳಿಗೇ ಅಲ್ಲ, ಪಕ್ಕದಲ್ಲಿ ಕೂತಿದ್ದ ಗಂಡನಿಗೂ ಕೇಳಿಸುವಂತೆ.

ಗಂಡ ಅದೇ ಷೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವನು. ಎರಡು ವರ್ಷದ ಹಿಂದೆ ಲೋಡರಿನ ತೋಳಿಗೆ ಆಸರೆ ಕೊಡದೆ ಅದರಡಿ ಕೈ ಹಾಕಿದ್ದ. ತೋಳು ಇಳಿಯಿತು. ಬಲಗೈಯಲ್ಲಿ ಈಗ ಇರುವುದು ಹೆಬ್ಬೆರಳೊಂದೇ.

ಆ ಷೆಡ್ಡಿನಲ್ಲಿ ಒಂದು ಪದ್ಧತಿಯಿದೆ. ಕೆಲಸ ಬಿಡುವ ಮೆಕ್ಯಾನಿಕ್ಕಿನ ಪೆಟ್ಟಿಗೆಯನ್ನು ನಡುಮೇಜಿನ ಮೇಲೆ ಬಿಚ್ಚುತ್ತಾರೆ. ಉಳಿದವರು ಹಿರಿತನದ ಸರದಿಯಲ್ಲಿ ಒಂದೊಂದೇ ಸಾಮಾನು ಎತ್ತಿಕೊಳ್ಳುತ್ತಾರೆ. ಪೆಟ್ಟಿಗೆಯವನು ಎದುರಿಗೇ ಕೂತಿರಬೇಕು. ಅವನೂ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ತನ್ನ ಪ್ರತಿಯೊಂದು ಸಾಮಾನಿಗೂ ಅವನು ಪಂಚಿನಿಂದ ಮೂರು ಚುಕ್ಕಿ ಹೊಡೆದಿದ್ದ. ನಲವತ್ತು ನಿಮಿಷದಲ್ಲಿ ಇಪ್ಪತ್ತೆರಡು ವರ್ಷ ಖಾಲಿಯಾಯಿತು.

ಹೊಸಬನಿಗೂ ಒಂದು ಪದ್ಧತಿಯಿದೆ. ಅವನು ಸ್ವಂತ ಪೆಟ್ಟಿಗೆ ತರಬೇಕು, ಮೊದಲ ವಾರ ಇನ್ನೊಬ್ಬರ ಪೆಟ್ಟಿಗೆಗೆ ಕೈಚಾಚುವಂತಿಲ್ಲ. ಚಾಚಿದರೆ, ಇಲ್ಲವೇ ಆ ವಾರದಲ್ಲಿ ಬೋಲ್ಟಿನ ತಲೆ ಸವೆಸಿದರೆ, ಹಳೆಯ ಕೆಲಸಕ್ಕೇ ವಾಪಸ್ಸು. ಮತ್ತೆ ಕೇಳಲು ಒಂದು ವರ್ಷ ಕಾಯಬೇಕು.

ಮೆಕ್ಯಾನಿಕ್ಕಿನ ಜಾಗವೊಂದು ಖಾಲಿಯಾದಾಗ ಮೇಸ್ತ್ರಿ ಅವಳನ್ನು ಕರೆದ.

"ಗ್ರೀಸಕ್ಕ, ಗಾಡಿ ಮೈಯೆಲ್ಲ ನಿನಗೆ ಗೊತ್ತು. ಪೆಟ್ಟಿಗೆ ತಂದ್ರೆ ಜಾಗ ನಿಂದು."

"ತರ್ತೀನಿ ಮೇಸ್ತ್ರಿ."

"ಮನೇಲಿ ಇಪ್ಪತ್ತೆರಡು ವರ್ಷದ ಸರ್ವೀಸು ಸುಮ್ನೆ ಕೂತಿದೆಯಲ್ಲ. ಕೇಳ್ಕೊಂಡು ತಗೋ."

ಪೆಟ್ಟಿಗೆಗಾಗಿ ಗಂಡನ ಬೈಕ್ ಮಾರಿದರು. ಒಂದು ಕೈಯಲ್ಲಿ ಅದನ್ನು ಓಡಿಸಲು ಆಗುತ್ತಿರಲಿಲ್ಲ. ಆದರೂ ಪ್ರತಿ ಭಾನುವಾರ ಎಡಗೈಯಲ್ಲಿ ಒರೆಸಿ ಅಂಗಳದಲ್ಲಿ ನಿಲ್ಲಿಸುತ್ತಿದ್ದ. ತಗೊಂಡವನು ಕಿಕ್ ಹೊಡೆದು ಹೊರಟಾಗ ಅವನು ಒಳಗೆ ಕೂತಿದ್ದ. ಅಡುಗೆಮನೆಯ ಮಂಚದಿಂದ ಅವನ ತಾಯಿ ಕೇಳಿದಳು: "ಏನೋ ಅದು ಸದ್ದು?"

"ನಿನ್ನ ಸೊಸೆ ಮೆಕ್ಯಾನಿಕ್ ಆಗ್ತಿದಾಳೆ. ಅದರ ಸದ್ದು."

ಕಲಿಸುವುದರಲ್ಲಿ ಮಾತ್ರ ಅವನು ಕಡಿಮೆ ಮಾಡಲಿಲ್ಲ. ಪರಿಚಯದ ಗ್ಯಾರೇಜಿನಿಂದ ಹಳೆಯ ಸಾಕೆಟ್‌ಗಳನ್ನು ತರಿಸಿ ದಿನಾ ಸಂಜೆ ಅವಳ ಕಣ್ಣಿಗೆ ಟವೆಲ್ ಕಟ್ಟಿ ಕೂರಿಸುತ್ತಿದ್ದ. ಸಾಕೆಟ್ಟೆಂದರೆ ಬೋಲ್ಟಿನ ತಲೆಗೆ ಕೂರುವ ಉಕ್ಕಿನ ಬಟ್ಟಲು. ಗಾಡಿಯ ಹೊಟ್ಟೆಯಡಿ ಮಲಗಿದಾಗ ಕಣ್ಣು ಕೆಲಸಕ್ಕೆ ಬರುವುದಿಲ್ಲ, ಎಷ್ಟು ಮಿಲಿಮೀಟರೆಂದು ಬೆರಳೇ ಹೇಳಬೇಕು.

"ಇದು?"

"ಹತ್ತೊಂಬತ್ತು."

"ಇದು?"

"ಇಪ್ಪತ್ತೆರಡು... ಅಲ್ಲ, ಇಪ್ಪತ್ತನಾಲ್ಕು."

ತಪ್ಪಿದಾಗ ಸ್ಪ್ಯಾನರಿನ ಹಿಡಿಯಿಂದ ಗೆಣ್ಣಿನ ಮೇಲೆ ಮೆಲ್ಲಗೆ ಕುಟ್ಟುತ್ತಿದ್ದ. ಮೆಲ್ಲಗೇ, ಆದರೆ ದಿನಾ ಅದೇ ಗೆಣ್ಣಿನ ಮೇಲೆ.

"ನಿನ್ನ ಬೆರಳಿಗೆ ಗ್ರೀಸ್ ಬಿಟ್ರೆ ಏನೂ ಗೊತ್ತಿಲ್ಲ ಕಣೇ."

"ಗೊತ್ತು ಮಾಡ್ಕೋತೀನಿ, ಇನ್ನೊಂದು ಕೊಡಿ."

ಇಪ್ಪತ್ತು ದಿನದ ಹೊತ್ತಿಗೆ ಅವಳು ತಪ್ಪುವುದು ನಿಂತಿತು. ಕುಟ್ಟಲು ಕಾರಣ ಸಿಗದೆ ಅವನು ಸಾಕೆಟ್‌ಗಳನ್ನು ಚೀಲಕ್ಕೆ ಹಾಕಿ ಕಟ್ಟಿದ.

ಸಾಮಾನಿನ ಅಂಗಡಿಗೆ ಇಬ್ಬರೂ ಹೋದರು. ಉದ್ದನೆಯ ಕಿರಿದಾದ ಅಂಗಡಿ, ಗೋಡೆಗೆಲ್ಲ ಎಣ್ಣೆ ಕಾಗದದಲ್ಲಿ ಸುತ್ತಿದ ಸ್ಪ್ಯಾನರ್‌ಗಳು. ಗಂಡ ಒಂದೊಂದನ್ನೂ ಎಡಗೈಯಲ್ಲಿ ತೂಗಿ ನೋಡಿ ಆರಿಸಿದ. ಹೊಳಪಿನದ್ದನ್ನು ಪಕ್ಕಕ್ಕೆ ಸರಿಸಿದ, ಹೊಳಪು ಬೆವರಿಗೆ ಜಾರುತ್ತದೆ. ಹನ್ನೆರಡು ಮೂಲೆಯ ಸಾಕೆಟ್ ಬೇಡವೆಂದ. ಅದು ತಲೆಯ ಮೂಲೆಗಳನ್ನು ಮಾತ್ರ ಹಿಡಿಯುತ್ತದೆ. ಆರು ಮೂಲೆಯದು ಚಪ್ಪಟೆ ಬದಿಯನ್ನೇ ತಬ್ಬುತ್ತದೆ. ಹತ್ತರಿಂದ ಮೂವತ್ತೆರಡರವರೆಗಿನ ಸೆಟ್, ಒಂದು ರ್‍ಯಾಚೆಟ್, ಎರಡಡಿಯ ಹಿಡಿ, ಒಂದು ಕಿಲೋ ಸುತ್ತಿಗೆ, ಎರಡು ಉಳಿ, ಸಣ್ಣ ಹಾರೆ, ಇಕ್ಕಳ, ಹ್ಯಾಕ್ಸಾ, ಹಣೆಗೆ ಕಟ್ಟುವ ಟಾರ್ಚು, ದಪ್ಪ ಅಳೆಯುವ ವರ್ನಿಯರ್. ಎಲ್ಲವೂ ಸರಿಯಾದ ಆಯ್ಕೆ. ಯಾರು ನೋಡಿದರೂ ತಲೆದೂಗುವಂಥದ್ದು.

ಅಂಗಡಿಯವನು ಅವಳನ್ನು ನೋಡಿ ನಕ್ಕ. "ಏನಣ್ಣಾ, ಅತ್ತಿಗೆಗೆ ಬಳೆ ಕೊಡಿಸೋ ವಯಸ್ಸಲ್ಲಿ ಸುತ್ತಿಗೆ ಕೊಡಿಸ್ತಿದೀಯಲ್ಲ."

"ಬಳೆ ಹಾಕ್ಕೊಂಡು ಮನೇಲಿ ಕೂರೋಕೆ ನಾನಿದೀನಲ್ಲ," ಎಂದ ಗಂಡ. ಅಂಗಡಿಯವನ ನಗು ಅರ್ಧಕ್ಕೇ ನಿಂತಿತು. ಮಾತು ಬದಲಿಸಲು ಅವನು ಮೇಲಿನ ಹಲಗೆಯಿಂದ ಇನ್ನೊಂದು ಡಬ್ಬಿ ಇಳಿಸಿದ. "ಇಂಚಿನ ಸೆಟ್ ಬೇಡ್ವಾ?"

ಗಂಡ ಅದರಿಂದ ದಪ್ಪದೊಂದು ಸಾಕೆಟ್ ತೆಗೆದು ಅಂಗೈಯಲ್ಲಿ ಹೊರಳಿಸಿದ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ.

ಅವಳು ಕೇಳಿದಳು. "ಆ ಹಳೇ ಗ್ರೇಡರ್ ಇಂಚಿಂದಲ್ವೇನ್ರೀ?"

"ಆಗಿತ್ತು. ಅದರ ಬೋಲ್ಟೆಲ್ಲ ನಾನೇ ಬದಲಾಯ್ಸಿದೀನಿ. ಈಗೆಲ್ಲ ಮಿಲಿಮೀಟರೇ." ಸಾಕೆಟ್ಟನ್ನು ಡಬ್ಬಿಗೆ ಹಾಕಿದ. "ಬೇಡ."

ಅವಳು ನಂಬಿದಳು. ಆ ಗ್ರೇಡರನ್ನು ಹತ್ತು ವರ್ಷ ಅವನೊಬ್ಬನೇ ರಿಪೇರಿ ಮಾಡಿದ್ದು. ಅವಳಿಗೆ ಅದರ ಮೂವತ್ತೊಂದು ನಿಪ್ಪಲ್ ಗೊತ್ತಿತ್ತು, ಬೋಲ್ಟಿನ ತಲೆ ಅಳೆಯುವ ಸಂದರ್ಭ ಬಂದಿರಲಿಲ್ಲ.

ಸೋಮವಾರ ಪೆಟ್ಟಿಗೆಯನ್ನು ನಡುಮೇಜಿನ ಮೇಲೆ ಬಿಚ್ಚಿದಳು. ಮೇಸ್ತ್ರಿ ಒಂದೊಂದೇ ಎತ್ತಿ ನೋಡಿ ವಾಪಸ್ಸಿಟ್ಟ, ಏನೂ ಹೇಳಲಿಲ್ಲ. ಅವನು ಏನೂ ಹೇಳದಿದ್ದರೆ ಅದು ಹೊಗಳಿಕೆ. ಕಿಡಿ ಎಂದು ಕರೆಯುವ ವೆಲ್ಡರ್ ಮಾತ್ರ ಸುಮ್ಮನಿರಲಿಲ್ಲ.

"ಸಾಮಾನು ಅಣ್ಣಂದು, ತಲೆ ಅಣ್ಣಂದು. ಅಕ್ಕಂದೇನು, ಪೆಟ್ಟಿಗೆ ಹೊರೋದಾ?"

"ನಿನ್ನ ವೆಲ್ಡಿಂಗ್ ಬಿಟ್ಟುಹೋದ ಕಡೆಗೆಲ್ಲ ಗ್ರೀಸ್ ಮೆತ್ತಿ ಮುಚ್ಚಿದವಳು ನಾನು ಕಿಡಿ. ಹೆಚ್ಚು ಮಾತಾಡ್ಬೇಡ," ಎಂದಳು. ಎಲ್ಲರೂ ನಕ್ಕರು. ಕಿಡಿಯೂ ನಕ್ಕ, ಆದರೆ ನೆನಪಿಟ್ಟುಕೊಂಡ.

ಸೋಮವಾರ ಲೋಡರಿನ ಫ್ಯಾನ್ ಬೆಲ್ಟು, ಮಂಗಳವಾರ ಡೋಜರಿನ ಸ್ಟಾರ್ಟರು. ಎರಡನ್ನೂ ಮಧ್ಯಾಹ್ನದೊಳಗೆ ಮುಗಿಸಿದಳು. ಬುಧವಾರ ಗ್ರೇಡರ್ ನಿಂತಿತು. ನೆಲ ಸಮ ಮಾಡುವ ಬ್ಲೇಡನ್ನು ತಿರುಗಿಸುವ ಗೇರಿನ ಡಬ್ಬ ಎಣ್ಣೆ ಸೋರುತ್ತಿತ್ತು, ಇಳಿಸಬೇಕು. ಎಂಟು ಬೋಲ್ಟು.

"ಗ್ರೀಸಕ್ಕಂಗೇ ಕೊಡು ಮೇಸ್ತ್ರಿ," ಎಂದ ಕಿಡಿ. "ಮನೆತನದ ಗಾಡಿ."

ಮೇಸ್ತ್ರಿಗೂ ಅದು ಸರಿಯೆನಿಸಿತು.

ಅವಳು ಅಡಿ ಮಲಗಿ ಕೈ ಮೇಲೆತ್ತಿ ಮೊದಲ ಬೋಲ್ಟಿನ ತಲೆ ಮುಟ್ಟಿದಳು. ಬೆರಳು ಏನೂ ಹೇಳಲಿಲ್ಲ. ಇಪ್ಪತ್ತೇಳರ ಸಾಕೆಟ್ ಏರಲಿಲ್ಲ. ಅದರ ನಂತರ ಸೆಟ್ಟಿನಲ್ಲಿ ಇದ್ದದ್ದು ಮೂವತ್ತು. ಅದು ಏರಿ ಗಡಗಡ ಅಲ್ಲಾಡಿತು. ವರ್ನಿಯರ್ ಹಿಡಿದಳು: ಇಪ್ಪತ್ತೆಂಟೂವರೆಗೆ ಸ್ವಲ್ಪ ಮೇಲೆ. ಮಿಲಿಮೀಟರ್ ಲೆಕ್ಕದ ಯಾವ ಬೋಲ್ಟಿಗೂ ಅಂಥ ತಲೆ ಇರುವುದಿಲ್ಲ. ಅದು ಒಂದು ಇಂಚಿನ ಮೇಲೆ ಎಂಟನೆಯ ಒಂದು ಭಾಗ. ಗಾಡಿ ಹುಟ್ಟಿದ ದಿನದ ಬೋಲ್ಟು, ಬಣ್ಣವೂ ಮೂಲದ್ದೇ.

ಹೊರಗೆ ಹೋಗಿ ಕೇಳಿದರೆ ಕೈಚಾಚಿದಂತೆ. ಕೇಳದಿದ್ದರೆ ಈ ಮೂವತ್ತು. ಆಮೇಲೆ ಹ್ಯಾಕ್ಸಾ ಬ್ಲೇಡೊಂದನ್ನು ಎರಡು ತುಂಡು ಮಾಡಿ ಅದರ ಹಲ್ಲುಗಳನ್ನು ಕಲ್ಲಿಗೆ ತೇದು ಸವೆಸಿದಳು. ಒಂದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ತಲೆಯ ಎದುರುಬದುರು ಬದಿಗೆ ಒಂದೊಂದು ಒತ್ತಿ ಮೇಲೆ ಮೂವತ್ತನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿದಳು. ಬಿಗಿಯಾಗಿ ಕೂತಿತು. ಹಿಡಿ ಹಾಕಿ ಎಳೆದಳು. ಬೋಲ್ಟು ಕಿರುಗುಟ್ಟಿ ಸಡಿಲವಾಯಿತು.

ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ಹೀಗೆ ಏಳು ಬೋಲ್ಟು ಬಂದವು. ಎರಡೂವರೆ ಗಂಟೆ ಹಿಡಿಯಿತು. ಎಂಟನೆಯದು ಚಾಸಿಯ ಮೂಲೆಯಲ್ಲಿತ್ತು, ಸುತ್ತಿಗೆ ಬೀಸಲು ಜಾಗವಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಚಾಚಿ ಎಳೆಯಬೇಕು. ಎಳೆದಾಗ ಭುಜದಲ್ಲಿ ಚಳುಕು ಹೊಡೆಯಿತು, ಹಿಡಿ ಒಂದು ಕೂದಲಷ್ಟು ಓರೆಯಾಯಿತು, ಬ್ಲೇಡಿನ ತುಂಡು ಜಾರಿ ಅವಳ ಕೆನ್ನೆಯ ಮೇಲೆ ಬಿತ್ತು. ಸಾಕೆಟ್ ಬರಿದೇ ಒಂದು ಸುತ್ತು ತಿರುಗಿತು. ಮುಟ್ಟಿ ನೋಡಿದಳು. ತಲೆ ಗುಂಡಗಾಗಿತ್ತು.

ಹೊರಗೆ ಬಂದು ತಾನೇ ಹೇಳಿದಳು. "ಮೇಸ್ತ್ರಿ, ಎಂಟನೇದು ಸವೆದುಹೋಯ್ತು."

ಮೇಸ್ತ್ರಿ ಬಗ್ಗಿ ನೋಡಿದ. ಸಾಲಾಗಿ ಇಟ್ಟಿದ್ದ ಏಳು ಬೋಲ್ಟುಗಳನ್ನೂ ಬ್ಲೇಡಿನ ತುಂಡುಗಳನ್ನೂ ನೋಡಿದ. ತನ್ನ ಪೆಟ್ಟಿಗೆಯ ತಳದಿಂದ ದಪ್ಪದೊಂದು ಸಾಕೆಟ್ ತೆಗೆದು ಅವಳ ಅಂಗೈಯಲ್ಲಿಟ್ಟ. ಅದರ ಅಂಚಿನಲ್ಲಿ ಮೂರು ಚುಕ್ಕಿ.

"ಈ ಡಬ್ಬ ಇಳಿಸೋಕೆ ಇದೊಂದೇ ಬೇಕಾಗಿದ್ದು. ನಿನ್ನ ಗಂಡ ಹೇಳಲಿಲ್ವಾ?"

"ಬೋಲ್ಟ್ ಬದಲಾಯ್ಸಿದೀನಿ ಅಂದ್ರು."

"ಒಂದನ್ನೂ ಬದಲಾಯ್ಸಿಲ್ಲ. ಅವನು ಕೆಲಸ ಬಿಡೋ ದಿನ ನಾನು ಎತ್ತಿದ ಮೊದಲನೇ ಸಾಮಾನು ಇದು. ಇದನ್ನ ಎತ್ತಿದಾಗಲೇ ಅವನು ಮುಖ ತಿರುಗಿಸಿದ್ದು."

ಕಿಡಿಗೆ ಖುಷಿ ತಡೆಯಲಾಗಲಿಲ್ಲ. "ಗನ್ ಖಾಲಿ ಬಿದ್ದಿದೆ ಅಕ್ಕ. ನಾನೇ ತುಂಬಿಸಿಡ್ಲಾ?"

ಯಾರೂ ನಗಲಿಲ್ಲ. ನಿಯಮವನ್ನು ಸಡಿಲಿಸಿ ಎಂದೂ ಯಾರೂ ಹೇಳಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಂಡ. "ಏಳು ತೆಗೆದಿದೀಯ, ಚೆನ್ನಾಗಿ ತೆಗೆದಿದೀಯ. ಆದ್ರೆ ಎಂಟಿತ್ತು. ಮುಂದಿನ ವರ್ಷ ಕೇಳು." ಆಮೇಲೆ ಸಾಕೆಟ್ಟಿನ ಕಡೆ ಗದ್ದ ಎತ್ತಿ ತೋರಿಸಿದ. "ಅದನ್ನ ತಗೊಂಡು ಹೋಗಿ ಅವನಿಗೆ ತೋರ್ಸು. ನಾಳೆ ವಾಪಸ್ ಬೇಕು."

ಸಂಜೆ ಮನೆಯಲ್ಲಿ ಗಂಡ ಕಿಟಕಿಯ ಪಕ್ಕ ಕೂತಿದ್ದ. ಅವಳು ಚಪ್ಪಲಿ ಬಿಟ್ಟು, ಕೈ ತೊಳೆದು, ಅವನೆದುರು ಮಂಡಿಯೂರಿ ಕೂತಳು.

"ಕಣ್ಣು ಮುಚ್ಚಿ."

"ಯಾಕೆ?"

"ಮುಚ್ಚಿ."

ಅವನ ಎಡ ಅಂಗೈಯಲ್ಲಿ ಸಾಕೆಟ್ ಇಟ್ಟಳು. ಅವನು ಬೆರಳು ಮಡಿಸಲೂ ಇಲ್ಲ.

"ಒಂದಿಂಚು, ಒಂದು ಬೈ ಎಂಟು," ಎಂದ. ಆಮೇಲೆ ಹೆಬ್ಬೆರಳು ಅಂಚಿನ ಮೇಲೆ ಓಡಿ ಚುಕ್ಕಿಗಳ ಹತ್ತಿರ ನಿಂತಿತು. ಕಣ್ಣು ತೆರೆಯಲಿಲ್ಲ.

"ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ಡಾಕ್ಟರ್ ಭುಜದ ಬಗ್ಗೆ ಹೇಳಿದ್ದು?"

"ಅದೂ ಗೊತ್ತಿತ್ತು." ಅವನ ದನಿಯಲ್ಲಿ ಕೋಪವಿರಲಿಲ್ಲ. "ಪೆಟ್ಟಿಗೆ ಹೋಯ್ತು, ಬೈಕ್ ಹೋಯ್ತು. ತಲೇಲಿರೋದೊಂದು ಉಳಿದಿತ್ತು. ದಿನಾ ಸಂಜೆ ಅದನ್ನೂ ನೀನು ಇಸ್ಕೊಂಡೆ. ಪೂರ್ತಿ ಕೊಟ್ಟುಬಿಟ್ರೆ ನಾನು ಈ ಮನೇಲಿ ಯಾರು? ಒಂದು ಸಾಕೆಟ್ ಇಟ್ಕೊಂಡೆ ಅಷ್ಟೇ."

ಅಡುಗೆಮನೆಯಿಂದ ತಾಯಿ ಕೂಗಿದಳು. "ಪಾಸಾದಳೇನೋ?"

ಅವಳು ಅವನ ಕೈಯಿಂದ ಸಾಕೆಟ್ ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಅವನ ಬೆರಳುಗಳು ಸ್ವಲ್ಪ ಹೊತ್ತು ತೆರೆದೇ ಇದ್ದವು.

ಮಾರನೆಯ ದಿನ ಸಾಕೆಟ್ ಮೇಸ್ತ್ರಿಗೆ ಕೊಟ್ಟು ಗನ್ ಎತ್ತಿಕೊಂಡಳು. ಅವತ್ತಿನಿಂದ ಅವಳ ಜೇಬಿನಲ್ಲಿ ವರ್ನಿಯರ್ ಇರುತ್ತದೆ. ಗ್ರೀಸ್ ಹಾಕುವ ಪ್ರತಿ ಕೀಲಿನ ಪಕ್ಕದ ಬೋಲ್ಟನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಗಾಡಿವಾರು ಬರೆಯುತ್ತಾಳೆ. ಒಂಬತ್ತನೆಯ ತಿಂಗಳಿಗೆ ಡಾಕ್ಟರ್ ಹೇಳಿದ್ದು ನಿಜವಾಗತೊಡಗಿತು. ಒಗೆದ ಬಟ್ಟೆಯನ್ನು ಹಗ್ಗದ ಮೇಲೆ ಹಾಕಲು ಸ್ಟೂಲು ಬೇಕಾಯಿತು. ಗನ್ನನ್ನು ಎಡಗೈಗೆ ಬದಲಾಯಿಸಿದಳು, ನಿಪ್ಪಲ್ ಯಾವುದೂ ತಪ್ಪಲಿಲ್ಲ. ಮಂಚದ ಕೆಳಗಿನ ಪೆಟ್ಟಿಗೆಯನ್ನು ಭಾನುವಾರ ಎಳೆದು ಎಣ್ಣೆಬಟ್ಟೆಯಿಂದ ಒರೆಸುತ್ತಾಳೆ. ಬೀಗದ ಕೈ ಅವಳ ಕೊರಳಲ್ಲಿದೆ.

ಅವಳು ಬರೆಯುತ್ತಿರುವುದನ್ನು ನೋಡುತ್ತ ಒಂದು ಭಾನುವಾರ ಗಂಡ ತಾನಾಗಿಯೇ ಬಾಯಿಬಿಟ್ಟ.

"ಗ್ರೇಡರಿನ ಮುಂದಿನ ಆಕ್ಸಲ್‌ಗೆ ಒಂದೂವರೆ ಇಂಚಿಂದು ಬೇಕಾಗುತ್ತೆ. ಬರ್ಕೋ."

ಅವಳು ಪೆನ್ನು ಕೆಳಗಿಟ್ಟಳು. ಸೋಮವಾರ ಬೆಳಿಗ್ಗೆ ಗ್ರೇಡರಿನ ಅಡಿ ಮಲಗಿ ಎಡಗೈಯಲ್ಲಿ ಅಳೆದಳು. ಒಂದೂವರೆ ಇಂಚೇ ಇತ್ತು. ಆಗ ಬರೆದಳು. ಮುಂದಿನ ಭಾನುವಾರ ಅವನು ಇನ್ನೊಂದು ಅಳತೆ ಹೇಳಿದ. ಅದನ್ನೂ ಸೋಮವಾರ ಅಳೆದಳು.