ಜೆಟ್ ಎಂಜಿನ್ನಿಗೊಂದು ಚೆಂಡುಹೂವಿನ ಹಾರ

ಶೆಟ್ಟಿಹಳ್ಳಿಯ ನಮ್ಮ ಚಿಕ್ಕಪ್ಪನ ಕಾರ್ ಶೆಡ್ಡಿನಲ್ಲಿ ಒಂದು ವಿಮಾನವಿದೆ. ಕಾರು ಬೀದಿಯಲ್ಲಿ ಬಿಸಿಲಿಗೂ ಕಾಗೆಗಳಿಗೂ ಮೈಯೊಡ್ಡಿ ನಿಂತಿರುತ್ತದೆ. ಈ ಮಾತನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ "ಹಾರುತ್ತಾ?" ಎನ್ನುತ್ತಾರೆ. ಯಾಕೆ ಕಟ್ಟಿದರು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಮನೆಯಲ್ಲಿ ವಿಮಾನ ಕಟ್ಟುವುದಕ್ಕೆ ಕಾರಣ ಬೇಡ, ಅದು ಹಾರದಿರುವುದಕ್ಕೆ ಮಾತ್ರ ಕಾರಣ ಬೇಕು ಎಂಬಂತೆ. ಆ ಕಾರಣಗಳನ್ನು ಒದಗಿಸುವ ಕೆಲಸ ನನ್ನದು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ವಿಷಯ ಯಾವುದಾದರೂ ಸರಿ, ವಿರೋಧದ ಪಕ್ಷ ಸಿಕ್ಕರೆ ನನಗೆ ಹಬ್ಬ. ಈ ಅಭ್ಯಾಸ ಬಹುಮಾನದ ಕಪ್ಪುಗಳನ್ನು ತರುತ್ತದೆ, ಸ್ನೇಹಿತರನ್ನಲ್ಲ. ಮದುವೆಮನೆಯಲ್ಲಿ ಪಾಯಸ ಚೆನ್ನಾಗಿದೆ ಎಂದವರನ್ನು "ಯಾವುದಕ್ಕೆ ಹೋಲಿಸಿದರೆ?" ಎಂದು ಕೇಳಿದವನ ಎಲೆಗೆ ಎರಡನೇ ಸಲ ಪಾಯಸ ಬೀಳುವುದಿಲ್ಲ. ನೆಂಟರ ಪೈಕಿ ನನ್ನನ್ನು ಕರೆದು ಕೂರಿಸಿ, ಕೇಳಿ ಕೇಳಿ ಎದುರುವಾದ ಮಾಡಿಸಿಕೊಳ್ಳುವವರು ಚಿಕ್ಕಪ್ಪ ಒಬ್ಬರೇ.

ಚಿಕ್ಕಪ್ಪನಿಗೆ ಶಿರಾ ಗೇಟಿನಲ್ಲಿ ಪಂಪ್‌ಸೆಟ್ ಅಂಗಡಿ. ಇಡೀ ಆಯುಸ್ಸು ನೆಲದೊಳಗಿನ ನೀರನ್ನು ಮೇಲೆತ್ತುವುದರಲ್ಲಿ ಕಳೆದವರು, ಐವತ್ತು ದಾಟಿದ ಮೇಲೆ ತಮ್ಮನ್ನೇ ಮೇಲೆತ್ತಿಕೊಳ್ಳಲು ಹೊರಟರು. ಗುಜರಿಯಿಂದ, ಲಾರಿ ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೋ ತಂದು ಸೀಮೆಎಣ್ಣೆಯಲ್ಲಿ ಓಡುವ ಪುಟ್ಟ ಜೆಟ್ ಎಂಜಿನ್ ಮಾಡಿದರು. ಇದು ಕುರ್ಚಿಯನ್ನೂ ಎತ್ತುವುದಿಲ್ಲ ಎಂದೆ. ಮರುವರ್ಷ ದೊಡ್ಡ ಎಂಜಿನ್ ಮಾಡಿ, ಅದಕ್ಕೊಂದು ವಿಮಾನವನ್ನೇ ಕಟ್ಟಿದರು. ಅಲ್ಯೂಮಿನಿಯಂ ಮೈ, ಒಂದೇ ಸೀಟು, ಸೀಟಿನ ಹಿಂದೆ ಎತ್ತರದಲ್ಲಿ ಬಾಯಿ ತೆರೆದು ಕುಳಿತ ಎಂಜಿನ್, ಚೂಪು ಮೂತಿಯ ಮೇಲೆ ಮೂರೆಳೆ ವಿಭೂತಿ.

ನಮ್ಮ ಪುರಾಣಗಳಲ್ಲಿ ವಿಮಾನಗಳಿಗೆ ಬರವಿಲ್ಲ. ನೆನೆದರೆ ಬರುತ್ತವೆ, ಜನ ಹತ್ತಿದಷ್ಟೂ ಹಿಗ್ಗುತ್ತವೆ. ಕೆಟ್ಟು ನಿಂತ ಉದಾಹರಣೆ ಮಾತ್ರ ಒಂದೂ ಇಲ್ಲ. ನನಗೆ ಅನುಮಾನ ಬರಲು ಅಷ್ಟು ಸಾಕು. ಎಂದೂ ಕೆಡದ ಯಂತ್ರ ಯಂತ್ರವಲ್ಲ, ವರ್ಣನೆ. ಆ ಲೆಕ್ಕದಲ್ಲಿ ಚಿಕ್ಕಪ್ಪನದು ಅಪ್ಪಟ ವಿಮಾನ.

ಪ್ರತಿ ಭಾನುವಾರ ಶೆಡ್ಡಿಗೆ ಹೋದೊಡನೆ ಪ್ರಶ್ನೆ ಸಿದ್ಧವಿರುತ್ತಿತ್ತು: "ಏನ್ಲಾ, ಈ ವಾರ ಯಾಕ್ ಹಾರಲ್ಲ, ಹೇಳು?" ಬಾಲ ಭಾರ ಎಂದರೆ ಮುಂದಿನ ವಾರಕ್ಕೆ ಬಾಲದ ತೂಕ ಇಳಿದಿರುತ್ತಿತ್ತು. ಚಕ್ರ ನಿಲ್ಲುವುದಿಲ್ಲ ಎಂದರೆ ಬ್ರೇಕು ಬಂದಿರುತ್ತಿತ್ತು. ಪರವಾನಗಿ ಯಾರು ಕೊಡುತ್ತಾರೆ ಎಂದಾಗ ಮಾತ್ರ "ಹಾರೋದ್ನ ತಡಿಯಕ್ಕೆ ತಾನೇ ಕಾನೂನು? ಹಾರಲ್ಲ ಅಂತೀಯಲ್ಲ, ಮತ್ಯಾಕೆ ನಿಂಗ್ ಯೋಚ್ನೆ?" ಎಂದರು. ಎದುರಾಳಿಯ ವಾದದ ಈ ಸೊಗಸನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ನಿಧಾನವಾಗಿ ನನಗೆ ಹೊಳೆದದ್ದು ಬೇರೆ: ನಾನು ಖಂಡಿಸಿದಷ್ಟೂ ವಿಮಾನ ಗಟ್ಟಿಯಾಗುತ್ತಿತ್ತು. ಹಾರುವುದಿಲ್ಲ ಎಂದು ಸಾಧಿಸುತ್ತಲೇ ಅದನ್ನು ಹಾರುವ ಅಂಚಿಗೆ ತಂದು ನಿಲ್ಲಿಸಿದ್ದೆ.

ಇದರಿಂದ ನಿಜಕ್ಕೂ ಹೆದರಿದವರು ಚಿಕ್ಕಮ್ಮ. ಆಯುಧಪೂಜೆ ಮುಗಿಸಿ, ವಿಜಯದಶಮಿಯ ಬೆಳಿಗ್ಗೆ ಗುಬ್ಬಿಯ ಆಚೆ ನೆಂಟರ ಬಯಲಿನಿಂದ ಎದ್ದು ಕುಣಿಗಲ್ಲಿನಲ್ಲಿ ಅತ್ತೆಮನೆಯ ಹತ್ತಿರ ಇಳಿಯುವುದು ಚಿಕ್ಕಪ್ಪನ ಯೋಜನೆ.

"ನಮ್ಮಮ್ಮನ ಮನೆಗೆ ನಾನು ಬಸ್ಸಲ್ಲೇ ಹೋಗ್ತೀನಿ ಕಣ್ರೀ. ನೀವೂ ಬಸ್ಸಲ್ಲೇ ಬನ್ನಿ. ಅಳಿಯ ಮೋಡದಿಂದ ಇಳಿದ್ರೆ ಆ ಮುದುಕಿ ಗತಿ ಏನು?" ಎಂದು ಹೇಳಿ ನೋಡಿದರು. ನಡೆಯಲಿಲ್ಲ. ಆಮೇಲೆ ನನ್ನನ್ನು ಅಡಿಗೆಮನೆಗೆ ಕರೆದು, "ಊರೋರ್ ಹತ್ರ ಎಲ್ಲಾ ಗೆದ್ದು ಬರ್ತೀಯ, ಇವ್ರ ಹತ್ರ ಒಂದ್ಸಲ ಗೆಲ್ಲಕ್ ಆಗಲ್ವೇನೋ? ಅವ್ರಿಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?" ಎಂದರು.

ಹಬ್ಬದ ಹಿಂದಿನ ಭಾನುವಾರ ನನ್ನ ಅತ್ಯುತ್ತಮ ವಾದವನ್ನು ಮಂಡಿಸಿದೆ. ಜೆಟ್ ಎಂಜಿನ್ ಎದುರಿನ ಗಾಳಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ಏನು ಹೋದರೂ ಒಳಗೆ ತಿರುಗುವ ಪುಟ್ಟ ರೆಕ್ಕೆಗಳು ಮುರಿಯುತ್ತವೆ. "ನೆಲದ ಮೇಲೆ ಹಂಗಾದ್ರೆ ಎಂಜಿನ್ ಹೋಗತ್ತೆ, ಮೇಲೆ ಹಂಗಾದ್ರೆ ನೀವು ಹೋಗ್ತೀರ," ಎಂದೆ.

"ಆಕಾಶ್ದಲ್ಲಿ ಯಾರೋ ಬಟ್ಟೆ ಒಣಗಾಕವ್ರೆ?" ಎಂದು ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಾಫಿ ತಂದ ಚಿಕ್ಕಮ್ಮ ಲೋಟ ಕೊಟ್ಟು ಅಲ್ಲೇ ನಿಂತರು. "ಬಟ್ಟೆ ಸಿಕ್ಕಾಕೊಂಡ್ರೂ ಕೆಡತ್ತಾ?"

"ಬಟ್ಟೆ ಯಾಕೆ ಚಿಕ್ಕಮ್ಮ, ಒಂದ್ ಗಟ್ಟಿ ದಾರ ಸಾಕು," ಎಂದೆ, ಗೆದ್ದ ಗತ್ತಿನಲ್ಲಿ. ಅವರು ತಲೆಯಾಡಿಸಿ ಒಳಗೆ ಹೋದರು.

ಆಯುಧಪೂಜೆಯ ದಿನ ಸ್ಪ್ಯಾನರಿನಿಂದ ಸ್ಕೂಟರಿನವರೆಗೆ ಎಲ್ಲಕ್ಕೂ ಕುಂಕುಮ. ಬೀದಿಗೆ ಬೆನ್ನು ಮಾಡಿ ಅಂಗಳದಲ್ಲಿ ನಿಲ್ಲಿಸಿದ್ದ ವಿಮಾನದ ರೆಕ್ಕೆಗಳಿಗೆ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು. ಪೂಜೆಯ ಮೇಲೆ ನಂಬಿಕೆಯಿಲ್ಲದ ನಾನು ಗೇಟಿನಾಚೆ ನಿಂತು, ನಿಂಬೆಹಣ್ಣಿಗೂ ಅಪಘಾತಕ್ಕೂ ಇರುವ ಸಂಬಂಧ ವಿವರಿಸಿ ಎಂದು ಪಕ್ಕದ ಮನೆಯ ಮೇಷ್ಟ್ರನ್ನು ಗೋಳುಹೊಯ್ದುಕೊಳ್ಳುತ್ತಿದ್ದೆ. ಒಳಗೆ ಮಂಗಳಾರತಿಯಾಯಿತು. ಪೂಜೆಯಾದ ಗಾಡಿ ನಿಂಬೆಹಣ್ಣು ತುಳಿದು ಮುಂದಕ್ಕೆ ಸರಿಯಲೇಬೇಕಲ್ಲ, ಚಿಕ್ಕಪ್ಪ ಪಂಚೆಯಲ್ಲೇ ಹತ್ತಿ ಕುಳಿತು ಗುಂಡಿ ಒತ್ತಿದರು.

ಎಂಜಿನ್ ಕೂಗಿತು. ಮರುಕ್ಷಣ ಅದರ ಹಿಂಬದಿಯಿಂದ ಚೆಂಡುಹೂವಿನ ಎಸಳುಗಳು ಚಿಮ್ಮಿ ಬೀದಿಯೆಲ್ಲ ಹಳದಿಯಾಯಿತು. ಹಿಂದೆಯೇ ಸ್ಟೀಲ್ ಪಾತ್ರೆಗಳ ಅಟ್ಟ ಕುಸಿದಂಥ ಸದ್ದು, ಆಮೇಲೆ ಹೂವು ಹುರಿದ ವಾಸನೆ, ಆಮೇಲೆ ಮೌನ.

"ಪುಷ್ಪವೃಷ್ಟಿ!" ಮೇಷ್ಟ್ರು ತಲೆಯ ಮೇಲಿನ ಎಸಳು ತೆಗೆದು ನನಗೆ ತೋರಿಸಿದರು. "ಇನ್ನೇನಪ್ಪಾ ಬೇಕು ನಿಂಗೆ ಸಾಕ್ಷಿ?"

ಹಾರವನ್ನು ಎಂಜಿನ್ನಿನ ಬಾಯಿಗೇ ಹಾಕಿದ್ದರು. ಹೂವು ಪುಡಿಯಾಗಿ ಹೊರಬಂದಿತ್ತು, ಗಟ್ಟಿ ಹುರಿಯೂ ಜರಿಯ ಕುಚ್ಚೂ ಒಳಗೆ ಸುತ್ತಿಕೊಂಡಿದ್ದವು. ಚಿಕ್ಕಪ್ಪ ದೃಷ್ಟಿ ಎಂದರು. ಮೇಷ್ಟ್ರು ದೇವರು ತಡೆದ ಎಂದರು. ನಾನು ದಾರ ಎಂದೆ. ಚಿಕ್ಕಮ್ಮ ಕೆನ್ನೆಗೆ ಕೈಯಿಟ್ಟು, "ಅಯ್ಯೋ ಶಿವನೇ, ಹಾರ ಮುಂದ್ಗಡೆ ತಾನೇ ಹಾಕದು? ಅದ್ರ ಬಾಯಿ ಎಲ್ಲೈತೆ, ಮೂತಿ ಎಲ್ಲೈತೆ, ನಮಗೇನ್ ಗೊತ್ತು?" ಎಂದರು. ಪದ್ಧತಿ ಹೌದು. ಕಾರಿಗೆ ಬಾನೆಟ್ಟಿನ ಮೇಲೆ, ಸ್ಕೂಟರಿಗೆ ಹ್ಯಾಂಡಲ್ಲಿಗೆ.

ಪುರಾವೆಯಿಲ್ಲದೆ ತೀರ್ಮಾನಕ್ಕೆ ಬರುವವನಲ್ಲ ನಾನು. ಆದ್ದರಿಂದ ಕಂಡದ್ದನ್ನಷ್ಟೇ ಹೇಳುತ್ತೇನೆ. ವಿಭೂತಿ ಬಳಿದ ಮೂತಿ ಕೈಗೆಟಕುವಂತೆ ಎದುರಿಗೇ ಇತ್ತು, ಅದಕ್ಕೆ ಒಂದು ಎಸಳೂ ಇರಲಿಲ್ಲ. ಮಂಡಿನೋವೆಂದು ಅಟ್ಟದ ಡಬ್ಬ ಇಳಿಸಲು ನನ್ನನ್ನೇ ಕರೆಯುವ ಚಿಕ್ಕಮ್ಮನ ಅಡಿಗೆಮನೆಯ ಸ್ಟೂಲು ಎಂಜಿನ್ನಿನ ಪಕ್ಕದಲ್ಲಿತ್ತು.

ಮರುದಿನ ಇಬ್ಬರೂ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದರು.

ಚಿಕ್ಕಪ್ಪ ಸೋತವರಲ್ಲ. ಎಂಜಿನ್ನಿನೊಳಗೆ ಹೊಸ ರೆಕ್ಕೆಗಳನ್ನು ಕೂರಿಸಿ, ಅದರ ಬಾಯಿಗೆ ಉಕ್ಕಿನ ಜಾಲರಿ ಹಾಕಿದ್ದಾರೆ. ಮುಂದಿನ ದಸರೆಗೆ ಹಾರಾಟವಂತೆ. ಕಳೆದ ಭಾನುವಾರ ಅವರು ಡ್ರಿಲ್ ಹುಡುಕಲು ಒಳಗೆ ಹೋದಾಗ ಚಿಕ್ಕಮ್ಮ ಕಾಫಿ ತಂದರು. ಲೋಟ ಎಂದಿಗಿಂತ ತುಂಬಿತ್ತು. ಜಾಲರಿಯನ್ನೊಮ್ಮೆ ಬೆರಳಿನಿಂದ ತಟ್ಟಿ ನೋಡಿದರು.

"ಗಟ್ಟಿಯಾಗೇ ಹಾಕವ್ರೆ ಕಣೋ. ಇನ್ನೇನ್ ತೊಂದ್ರೆ ಐತೆ ಇದ್ರಲ್ಲಿ, ಬುಡ್ಸಿ ಹೇಳು."

ಎಷ್ಟೋ ವೇದಿಕೆ ಹತ್ತಿದ್ದೇನೆ, ನನ್ನ ವಾದವನ್ನು ಇಷ್ಟು ಶ್ರದ್ಧೆಯಿಂದ ಕೇಳಿದವರಿಲ್ಲ. ಲೋಟ ಪಕ್ಕಕ್ಕಿಟ್ಟೆ. ಒಳಬಾಗಿಲ ಕಡೆ ಒಮ್ಮೆ ನೋಡಿ, ಹುಟ್ಟಿದ ಮೇಲೆ ಮೊದಲ ಸಲ ದನಿ ತಗ್ಗಿಸಿ, ಮುಂದಿನ ಆಕ್ಷೇಪಣೆ ಶುರುಮಾಡಿದೆ.